ಇಪ್ಪತ್ತು ಅಡಿ ದಂಡೆ

ಗಂಗಮ್ಮನಿಗೆ ಸಿಟ್ಟು ಬರುವುದು ತಡ, ಬಂದರೆ ಇಳಿಯುವುದು ಅದಕ್ಕಿಂತ ತಡ. ಈ ಮಾತು ಅವಳ ಗಂಡ ಮಲ್ಲಪ್ಪನದು. ಮೂವತ್ತು ವರ್ಷ ಜೊತೆಗೆ ಬಾಳಿದವನಾದ್ದರಿಂದ ಅಷ್ಟು ಹೇಳುವ ಹಕ್ಕು ಅವನಿಗಿತ್ತು. ಆದರೆ ಆ ಮೂವತ್ತು ವರ್ಷದಲ್ಲಿ ಅವನು ನಿಜವಾದ ಸಿಟ್ಟನ್ನು ಕಂಡದ್ದು ಒಂದೇ ಸಲ. ಅದೂ ಮನೆಯೊಳಗಿನದಲ್ಲ, ಮಿಷಿಗನ್ನಿನ ಒಂದು ನದಿಯ ದಂಡೆಯದು.

ಗಂಗಮ್ಮ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಅಳತೆ ಲ್ಯಾಬಿನಲ್ಲಿ ಎಂಜಿನಿಯರ್. ಬ್ರೇಕಿನ ತಟ್ಟೆಗಳು, ಬೇರಿಂಗುಗಳು, ಸಣ್ಣ ಸಣ್ಣ ಉಕ್ಕಿನ ತುಂಡುಗಳು ಅವಳ ಮೇಜಿಗೆ ಬರುತ್ತವೆ. ಕೂದಲೆಳೆಯ ಹತ್ತರಲ್ಲೊಂದು ಭಾಗ ಹೆಚ್ಚುಕಡಿಮೆಯಾದರೂ ವಾಪಸ್ಸು ಕಳಿಸುತ್ತಾಳೆ. ಮ್ಯಾನೇಜರು ಬಂದು ಬೇಡಿಕೊಂಡರೂ ತಪ್ಪಿದ ತುಂಡು ತಪ್ಪಿದ ತುಂಡೇ. ವಯಸ್ಸು ಐವತ್ತಾರು. ಮಗಳು ವರ್ಷಾ ಇಲಿನಾಯ್‌ನ ಲಿಸ್ಲ್‌ನಲ್ಲಿ ಕೆಲಸಕ್ಕಿದ್ದಾಳೆ. ಮಲ್ಲಪ್ಪ ವಾರೆನ್‌ನ ಒಂದು ಡಿಸೈನ್ ಆಫೀಸಿಗೆ ಹೋಗಿಬರುತ್ತಾನೆ.

ಇದೆಲ್ಲ ಊರಿಗೇ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ ಸಂಗತಿ ಒಂದಿತ್ತು. ಗಂಗಮ್ಮ ಯಾದಗಿರಿಯ ಕೆಳಗಡೆ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯವಳು, ಅಂಬಿಗರವಳು. ಅವಳಪ್ಪ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಜನ ಇಲ್ಲದ ಹೊತ್ತಿನಲ್ಲಿ ಬಲೆ ಹಾಕುತ್ತಿದ್ದ. ಅವ್ವ ಮೀನಿನ ಬುಟ್ಟಿ ಹೊತ್ತು ಯಾದಗಿರಿಯ ಸಂತೆಗೆ ಹೋಗುತ್ತಿದ್ದಳು. ಗಂಗಮ್ಮ ಗುಲ್ಬರ್ಗದಲ್ಲಿ ಎಂಜಿನಿಯರಿಂಗ್ ಓದಿದ್ದು ಸ್ಕಾಲರ್‌ಶಿಪ್ಪಿನ ಮೇಲೆ. ಹಾಸ್ಟೆಲ್ಲಿನಲ್ಲಿ ಅವಳು ಕೋಣೆಗೆ ಬಂದ ಕೂಡಲೇ ಒಬ್ಬಳು ಎದ್ದು ಕಿಟಕಿ ತೆಗೆಯುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ, ಸುಮ್ಮನೆ ಕಿಟಕಿ ತೆಗೆಯುತ್ತಿದ್ದಳು. ನಾಲ್ಕು ವರ್ಷ.

ಅಮೆರಿಕಕ್ಕೆ ಬಂದ ಮೇಲೆ ಕನ್ನಡ ಕೂಟದಲ್ಲಿ ಯಾರೂ ಏನೂ ಕೇಳಲಿಲ್ಲ. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ ತರುವ ಉತ್ತರ ಕರ್ನಾಟಕದವರು ಎಂದರೆ ಮೀನು ಮಾಂಸ ಮುಟ್ಟದ ಜಾತಿಯವರೇ ಇರಬೇಕು ಎಂದು ಅವರಷ್ಟಕ್ಕೆ ಅವರು ಅಂದುಕೊಂಡರು. ಮಲ್ಲಪ್ಪನೂ ಅಂಬಿಗರವನೇ. ಕೇಳಿದರೆ ಹೇಳೋಣ, ಕೇಳದಿದ್ದರೆ ಯಾಕೆ ಎನ್ನುವುದು ಅವನ ನಿಲುವು. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಮನೆಯಲ್ಲಿ ಮೀನಿನ ಸಾರು ಮಾಡಿದ ದಿನ ಹೊರಗೆ ಸೊನ್ನೆ ಡಿಗ್ರಿ ಇದ್ದರೂ ಕಿಟಕಿ ತೆರೆದಿರುತ್ತಿದ್ದವು. ಯಾರಾದರೂ ಬರುವವರಿದ್ದರೆ ಒಂದು ದಿನ ಮೊದಲೇ ಊದಿನಕಡ್ಡಿ. ತಾನೇ ಎದ್ದು ಕಿಟಕಿ ತೆರೆಯುತ್ತಿದ್ದೇನೆ ಎಂಬುದು ಗಂಗಮ್ಮನ ಮನಸ್ಸಿಗೆ ಬಂದದ್ದು ಬಹಳ ತಡವಾಗಿ.

ಆರು ವರ್ಷದ ಹಿಂದೆ, ಒಂದು ಜನವರಿ ಶನಿವಾರ, ಟ್ರಾಯ್‌ನಿಂದ ಹನ್ನೆರಡು ಮೈಲು ಉತ್ತರಕ್ಕೆ ಸ್ನೇಹಿತರ ಮನೆಗೆ ಡ್ರೈವ್ ಮಾಡಿಕೊಂಡು ಹೋಗುವಾಗ ಅವಳು ಒಬ್ಬ ಮುದುಕನನ್ನು ಕಂಡಳು. ಕಪ್ಪು ಮನುಷ್ಯ, ಎತ್ತರ, ಕಂದು ಬಣ್ಣದ ದಪ್ಪ ಕೋಟು. ಎರಡು ಮನೆಗಳ ನಡುವಿನ ಹುಲ್ಲಿನ ಪಟ್ಟಿಯ ಕೊನೆಯಲ್ಲಿ, ಹಿಮದೊಳಗೆ ನಿಂತು ನದಿಗೆ ಗಾಳ ಹಾಕಿದ್ದ. ಚಳಿಗಾಲದಲ್ಲಿ ಇಲ್ಲಿಯ ಜನ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವುದು ಅವಳಿಗೆ ಗೊತ್ತಿತ್ತು. ದಂಡೆಯಲ್ಲಿ ನಿಂತು ಹರಿಯುವ ನೀರಿಗೆ ಗಾಳ ಹಾಕುವುದನ್ನು ನೋಡಿರಲಿಲ್ಲ. ಕಾರು ನಿಲ್ಲಿಸಿ ಇಳಿದಳು. ಅವನ ಹೆಸರು ವೆಂಡೆಲ್. ಮೂವತ್ತನಾಲ್ಕು ವರ್ಷ ಕಾರ್ ಫ್ಯಾಕ್ಟರಿಯ ಲೈನಿನಲ್ಲಿ ನಿಂತು ಕೆಲಸ ಮಾಡಿ ರಿಟೈರ್ ಆದವನು. ಮೊಣಕಾಲು ಎರಡೂ ಸವೆದಿದ್ದವು.

ಮೇಲ್ಗಡೆ ಊರಿನ ಕೊಳೆನೀರನ್ನು ಶುದ್ಧ ಮಾಡಿ ನದಿಗೆ ಬಿಡುತ್ತಾರೆ, ಆ ನೀರು ತುಸು ಬೆಚ್ಚಗೆ, ಅದಕ್ಕೇ ಈ ತಿರುವು ಹೆಪ್ಪುಗಟ್ಟುವುದಿಲ್ಲ, ಬಾಸ್ ಮೀನುಗಳು ಇಲ್ಲಿ ಬಂದು ತಳದಲ್ಲಿ ಮಲಗಿರುತ್ತವೆ ಎಂದು ಅವನು ವಿವರಿಸಿದ. ಚಳಿಯಲ್ಲಿ ಬಾಸ್ ಬೇಟೆಯ ಹಿಂದೆ ಓಡುವುದಿಲ್ಲ. ಸೀಸದ ತಲೆಯ ಸಣ್ಣ ಗಾಳವನ್ನು ತಳದ ಕಲ್ಲಿನ ಮೇಲೆ ಎಳೆದೂ ಎಳೆಯದ ಹಾಗೆ ಎಳೆಯಬೇಕು. ಕಚ್ಚಿದರೆ ಜಗ್ಗುವುದೂ ಇಲ್ಲ. ದಾರಕ್ಕೆ ಒಂದು ಒದ್ದೆ ಎಲೆ ತಗುಲಿದಷ್ಟು ಭಾರ, ಅಷ್ಟೇ. ಅವನು ಕೋಲನ್ನು ಅವಳ ಕೈಗೆ ಕೊಟ್ಟ. ಗಂಗಮ್ಮ ಕೈಗವಸು ತೆಗೆದು ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡಳು. ಅವಳಪ್ಪ ಬಲೆಯ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಹರಿಗೋಲಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದ. ಹತ್ತು ನಿಮಿಷದಲ್ಲಿ ಬೆರಳಿಗೆ ಆ ಎಲೆಯ ಭಾರ ಗೊತ್ತಾಯಿತು. ಆ ದಿನ ಸ್ನೇಹಿತರ ಮನೆಗೆ ಅವಳು ಎರಡು ಗಂಟೆ ತಡವಾಗಿ ಹೋದಳು, ದಾರಿಯಲ್ಲಿ ಟ್ರಾಫಿಕ್ ಇತ್ತು ಎಂದಳು.

ಅಂದಿನಿಂದ ನವೆಂಬರ್ ಬಂತೆಂದರೆ ಶನಿವಾರ ಬೆಳಿಗ್ಗೆ ಅಲ್ಲಿ ಹಾಜರಿ. ಕೋಲಿನ ಉಂಗುರಗಳಲ್ಲಿ ಮಂಜು ಕಟ್ಟಿಕೊಂಡು ದಾರ ಸಿಕ್ಕಿಬೀಳುತ್ತಿತ್ತು. ಮೊದಲು ತೆಂಗಿನೆಣ್ಣೆ ಸವರಿ ನೋಡಿದಳು, ಅದೇ ಗಟ್ಟಿಯಾಗಿ ಕೂತಿತು. ಕುಸುಬಿ ಎಣ್ಣೆ ಕೆಲಸ ಮಾಡಿತು. ವೆಂಡೆಲ್ ಅದರದೊಂದು ಸಣ್ಣ ಬಾಟಲಿ ಕೇಳಿ ಇಸಿದುಕೊಂಡ. ಹಿಡಿದ ಮೀನನ್ನು ಅವರು ಮತ್ತೆ ನೀರಿಗೇ ಬಿಡುತ್ತಿದ್ದರು. ಹೊಸವರ್ಷ ಕಳೆದ ಮೇಲೆ ಬಾಸನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂಬುದು ಕಾಯಿದೆ. ವಾರೆನ್ ಕಡೆಯಿಂದ ಬಂಗಾಳಿ ಅಣ್ಣತಮ್ಮಂದಿರಿಬ್ಬರು ಬರುತ್ತಿದ್ದರು, ಫ್ಲಾಸ್ಕಿನ ಚಹಾ ಎಲ್ಲರಿಗೂ ಬಗ್ಗಿಸುತ್ತಿದ್ದರು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮನೆಯವರಿಗೆ ಬಿಟ್ಟು ಬೇರೆ ಕನ್ನಡದವರಿಗೆ ಈ ವಿಷಯ ಗೊತ್ತಿರಲಿಲ್ಲ.

ಆ ಹುಲ್ಲಿನ ಪಟ್ಟಿಯಿದ್ದದ್ದು ನಲವತ್ತು ಮನೆಗಳ ಒಂದು ಹಳೇ ಸಬ್‌ಡಿವಿಜನ್ನಿನಲ್ಲಿ, ಎಂದರೆ ಬಡಾವಣೆಯಲ್ಲಿ. ಎರಡು ವರ್ಷದ ಹಿಂದೆ ಅದೇ ರಸ್ತೆಯಲ್ಲಿ, ಪಟ್ಟಿಯಿಂದ ಎರಡನೆಯ ಮನೆಯನ್ನು, ಮೈಸೂರಿನ ರಘೋತ್ತಮ ಮತ್ತು ಪದ್ಮ ಕೊಂಡುಕೊಂಡರು. ಪದ್ಮ ಗಂಗಮ್ಮನಿಗೆ ಇಪ್ಪತ್ತು ವರ್ಷದ ಗೆಳತಿ. ಹೆರಿಗೆ, ಹಬ್ಬ, ಗೃಹಪ್ರವೇಶ ಎಲ್ಲದಕ್ಕೂ ಒಬ್ಬರಿಗೊಬ್ಬರು ಬೇಕಾದವರು. ವರ್ಷ ತುಂಬುವುದರೊಳಗೆ ರಘೋತ್ತಮ ಅಲ್ಲಿಯ ಮನೆಮಾಲೀಕರ ಸಂಘಕ್ಕೆ ಅಧ್ಯಕ್ಷನಾದ.

ಹೋದ ವರ್ಷ ಜನವರಿಯ ಎರಡನೆಯ ಶನಿವಾರ, ಫ್ಯಾರನ್‌ಹೀಟಿನ ಇಪ್ಪತ್ತೆರಡು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ, ಗಾಳಿ ಬೇರೆ. ದಂಡೆಯಲ್ಲಿ ವೆಂಡೆಲ್ ಮತ್ತು ಗಂಗಮ್ಮ ಇಬ್ಬರೇ ಇದ್ದರು. ಗಂಗಮ್ಮನ ಮುಖಕ್ಕೆ ಉಣ್ಣೆಯ ಮುಸುಕು, ಮೇಲೆ ಜಾಕೆಟ್ಟಿನ ಟೋಪಿ, ಕಾಣುತ್ತಿದ್ದದ್ದು ಕಣ್ಣು ಮಾತ್ರ. ರಘೋತ್ತಮ ವಾಕಿಂಗ್ ಬಂದವನು ರಸ್ತೆಯಿಂದ ಇಳಿದು ನೇರ ವೆಂಡೆಲ್‌ನ ಹತ್ತಿರ ಬಂದ. ಕೈಯಲ್ಲಿ ಫೋನು, ವಿಡಿಯೋ ಆನ್ ಇತ್ತು. ಇದು ಖಾಸಗಿ ಜಾಗ, ನಿಮ್ಮಂಥವರು ಬಂದು ಕಸ ಹಾಕಿ ಹೋಗುತ್ತೀರಿ, ಪೊಲೀಸರಿಗೆ ಫೋನ್ ಮಾಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮೂವತ್ತು ವರ್ಷದಿಂದ ಇಲ್ಲಿಗೆ ಬರುತ್ತಿದ್ದೇನೆ ಸಾರ್ ಎಂದು ವೆಂಡೆಲ್ ಮೆಲ್ಲಗೆ ಹೇಳಿದ. ರಘೋತ್ತಮ ಅದನ್ನು ಕೇಳಿಸಿಕೊಳ್ಳಲೂ ಇಲ್ಲ.

ಭಾಷೆ ಇಂಗ್ಲಿಷಾದರೂ ಆ ದನಿ ಗಂಗಮ್ಮನಿಗೆ ಗೊತ್ತಿತ್ತು. ಬುಟ್ಟಿ ಹೊತ್ತ ಅವ್ವನಿಗೆ ದೊಡ್ಡ ಮನೆಗಳ ಕಟ್ಟೆಯ ಮೇಲಿಂದ "ಅಲ್ಲೇ ಇಡು, ಮ್ಯಾಲ ಬರಬ್ಯಾಡ" ಎನ್ನುತ್ತಿದ್ದ ದನಿ. ಅವಳು ಮುಸುಕನ್ನು ಗಲ್ಲದ ಕೆಳಗೆ ಎಳೆದಳು.

"ರಘೋತ್ತಮ ಅವ್ರ, ಫೋನ್ ಒಳಗಿಡ್ರಿ."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅರೆ, ಗಂಗಮ್ಮ ಅವ್ರಾ? ಗೊತ್ತೇ ಆಗ್ಲಿಲ್ಲ ನೋಡಿ. ನೀವೇನು ಇಲ್ಲಿ, ಇವರ ಜೊತೆ?" ಆಮೇಲೆ ಅವಳ ಕೈಯ ಕೋಲು ನೋಡಿದ. "ಮೀನಾ?"

"ಹೌದ್ರಿ. ಮೀನ."

ಅವನು ನಕ್ಕ. ಗಾಬರಿಯ ನಗೆ. ಏನೋ ಹಾಬಿ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡವನಂತೆ ದನಿ ತಗ್ಗಿಸಿದ. ವೆಂಡೆಲ್‌ಗೆ ಕನ್ನಡ ಬಾರದು, ಆದರೂ ತಗ್ಗಿಸಿದ. "ನೋಡಿ, ನೀವು ನಮ್ಮೋರು. ನೀವು ಯಾವಾಗ ಬೇಕಾದ್ರೂ ಬನ್ನಿ, ನಮ್ಮನೆ ಬ್ಯಾಕ್‌ಯಾರ್ಡಿಂದ್ಲೇ ಇಳೀಬಹುದು. ಪದ್ಮ ಕಾಫಿ ಕೊಡ್ತಾಳೆ. ಈ ಥರದೋರು ಬರೋದನ್ನ ಮಾತ್ರ ಸ್ಟಾಪ್ ಮಾಡ್ಬೇಕು."

"ಈ ಥರದೋರು ಅಂದ್ರ ಯಾರ್ರಿ?"

"ನಿಮಗೆ ಗೊತ್ತಲ್ಲ."

ಅಷ್ಟರಲ್ಲಿ ಪೊಲೀಸ್ ಕಾರು ಬಂತು. ಇಳಿದವನು ಇಪ್ಪತ್ತೈದು ವರ್ಷದ ಹುಡುಗ, ಒರಟನೇನಲ್ಲ. ಕಾರಿನ ಬಾಗಿಲು ತೆರೆದ ಸದ್ದಿಗೇ ವೆಂಡೆಲ್ ಕೋಲನ್ನು ಹಿಮದ ಮೇಲೆ ಇಟ್ಟ. ಎರಡೂ ಕೈಗವಸು ತೆಗೆದು ಜೇಬಿನಿಂದ ದೂರಕ್ಕೆ, ಅಂಗೈ ಕಾಣುವ ಹಾಗೆ, ಕೈಗಳನ್ನು ಹಿಡಿದು ನಿಂತ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಪೊಲೀಸನು ಮೀನು ಹಿಡಿಯುವ ಲೈಸೆನ್ಸು ನೋಡಿದ, ಇಬ್ಬರದೂ ಸರಿಯಿತ್ತು. ಜಾಗ ಯಾರದು ಎನ್ನುವುದು ತನಗೆ ಗೊತ್ತಿಲ್ಲ, ಇವತ್ತಿಗೆ ಹೊರಟುಬಿಡಿ ಎಂದ. ಇದೆಲ್ಲ ಆಗಲು ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷವೂ ಎಪ್ಪತ್ತೆರಡು ವರ್ಷದ ಮನುಷ್ಯನ ಬರಿಗೈಗಳು ಗಾಳಿಯಲ್ಲಿದ್ದವು. ಕೈಗವಸು ಹಾಕಿಕೋ ಎಂದು ಯಾರೂ ಹೇಳಲಿಲ್ಲ. ಕೋಲನ್ನು ಕಂಕುಳಲ್ಲಿ ಇರುಕಿಕೊಂಡಿದ್ದ ಗಂಗಮ್ಮನ ಎರಡೂ ಕೈ ಅವಳ ಜೇಬಿನಲ್ಲಿ ಬೆಚ್ಚಗಿದ್ದವು, ಅವುಗಳನ್ನು ಹೊರಗೆ ತೆಗೆ ಎಂದೂ ಯಾರೂ ಹೇಳಲಿಲ್ಲ. ಇದು ಅವಳ ಗಮನಕ್ಕೆ ಬಂದದ್ದು ಕಾರಿನೊಳಗೆ ಕೂತ ಮೇಲೆ, ಅವನು ಬೆರಳುಗಳನ್ನು ಹೀಟರಿನ ಮುಂದೆ ಹಿಡಿದಾಗ. ತುದಿಗಳು ಬಿಳಿಚಿದ್ದವು.

ಸಿಟ್ಟು ಹುಟ್ಟಿದ್ದು ಅಲ್ಲಿ. ರಘೋತ್ತಮನ ಮೇಲೆ ಮಾತ್ರವಲ್ಲ. "ನೀವು ನಮ್ಮೋರು" ಎಂದಾಗ ಒಂದು ಕ್ಷಣ, ಬರೀ ಒಂದು ಕ್ಷಣ, ತನಗೆ ನಿರಾಳವಾಗಿತ್ತು. ಅದರ ಮೇಲೆ.

ಮರುದಿನ ಪದ್ಮಳ ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಕರೆ ಇತ್ತು. ಗಂಗಮ್ಮ ಹೋಗಲಿಲ್ಲ. ಬಿಟ್ಟುಬಿಡು, ನದಿಗೇನು ಬರವೇ, ಬೇರೆ ಜಾಗಕ್ಕೆ ಹೋದರಾಯಿತು ಎಂದ ಮಲ್ಲಪ್ಪ. ಲಿಸ್ಲ್‌ನಿಂದ ಫೋನ್ ಮಾಡಿದ ವರ್ಷಾ ಎಲ್ಲ ಕೇಳಿ, "ಅಮ್ಮಾ, ಡೋಂಟ್ ಲೆಟ್ ಇಟ್ ಗೋ" ಎಂದಳು.

ಎರಡು ವಾರದ ಮೇಲೆ ಹುಲ್ಲಿನ ಪಟ್ಟಿಯ ಬಾಯಿಗೆ ಎದೆಯುದ್ದದ ಕಪ್ಪು ಕಬ್ಬಿಣದ ಬೇಲಿ ಬಂತು, ಅದಕ್ಕೊಂದು ಫಲಕ: ಖಾಸಗಿ ಜಾಗ, ನಿವಾಸಿಗಳಿಗೆ ಮಾತ್ರ. ವೆಂಡೆಲ್ ಫೋನ್ ಎತ್ತುವುದನ್ನು ಬಿಟ್ಟ. ಅವಳು ಡೆಟ್ರಾಯಿಟ್‌ನಲ್ಲಿದ್ದ ಅವನ ಮನೆಗೇ ಹೋದಳು. ಅವನು ಕುರ್ಚಿ ಕೊಟ್ಟು, ಕಾಫಿ ಮಾಡಿ ಕೊಟ್ಟು, ಇಂಥ ಬೇಲಿಗಳನ್ನು ತಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಈಗ ಜಗಳಾಡುವ ಶಕ್ತಿ ಇಲ್ಲ ಎಂದ. ನಿನಗೆ ಸಿಟ್ಟು ಹೊಸದು, ನನಗೆ ಹಳತಾಗಿ ದಣಿವಾಗಿದೆ ಎಂದ. ನೀನು ಜಗಳಾಡಬೇಡ ಎಂದು ಮಾತ್ರ ಹೇಳಲಿಲ್ಲ.

ಗಂಗಮ್ಮ ಒಂದು ದಿನ ರಜೆ ಹಾಕಿ ಕೌಂಟಿಯ ದಾಖಲೆ ಕಚೇರಿಗೆ ಹೋದಳು. ಕೌಂಟರಿನ ಹೆಂಗಸು ಆ ಸಬ್‌ಡಿವಿಜನ್ನಿನ ಮೂಲ ನಕ್ಷೆ ಹುಡುಕಿ ತೆಗೆದಳು. 1957ರದು, ಕೈಬರಹದ್ದು. ನಲವತ್ತು ಸೈಟುಗಳು, ನಡುವೆ ರಸ್ತೆ, ಹದಿನೇಳು ಮತ್ತು ಹದಿನೆಂಟನೆಯ ಸೈಟಿನ ಮಧ್ಯೆ ನದಿಯವರೆಗೆ ಇಪ್ಪತ್ತು ಅಡಿ ಅಗಲದ ಪಟ್ಟಿ. ಕೆಳಗೆ ಒಂದು ಸಾಲು: ರಸ್ತೆಯನ್ನೂ ಈ ಪಟ್ಟಿಯನ್ನೂ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟುಕೊಡಲಾಗಿದೆ. ಅವಳು ಆ ಸಾಲನ್ನು ಮೂರು ಸಲ ಓದಿದಳು. ಮುದ್ರೆ ಒತ್ತಿದ ಪ್ರತಿ ಮಾಡಿಸಿಕೊಂಡಳು.

ಮುಂದಿನ ಶನಿವಾರ ಬೆಳಿಗ್ಗೆ ನೂರಡಿಯ ಉಕ್ಕಿನ ಟೇಪು, ಸಲಿಕೆ, ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಅಲ್ಲಿಗೆ ಹೋದಳು. ಸೈಟಿನ ಮೂಲೆಯಲ್ಲಿ ಸರ್ವೆಯವರು ಹೂತಿದ್ದ ಕಬ್ಬಿಣದ ಗೂಟ ಹಿಮದ ಕೆಳಗೆಲ್ಲೋ ಇರಬೇಕು. ಕೆದಕಿ ಕೆದಕಿ ಮುಕ್ಕಾಲು ಗಂಟೆಗೆ ಒಂದು ಸಿಕ್ಕಿತು, ಇನ್ನರ್ಧ ಗಂಟೆಗೆ ಇನ್ನೊಂದು. ಟೇಪಿನ ತುದಿ ಹಿಡಿಯಲು ಯಾರೂ ಇರಲಿಲ್ಲ. ಸ್ಕ್ರೂಡ್ರೈವರನ್ನು ನೆಲಕ್ಕೆ ಬಡಿದು ಅದಕ್ಕೆ ಸಿಕ್ಕಿಸಿದಳು. ಬೇಲಿಯ ಒಂದು ಕಂಬವೂ ಯಾವ ಮನೆಯ ಸೈಟಿನಲ್ಲೂ ಇರಲಿಲ್ಲ. ಅಷ್ಟೂ ಆ ಇಪ್ಪತ್ತು ಅಡಿಯೊಳಗೇ ನಿಂತಿತ್ತು.

ಪದ್ಮ ಶಾಲು ಹೊದ್ದು, ಮನೆಯ ಚಪ್ಪಲಿಯಲ್ಲೇ ಹಿಮ ತುಳಿಯುತ್ತ ಬಂದಳು. ಅತ್ತಿರಬೇಕು, ಕಣ್ಣು ಊದಿತ್ತು. ಬೇಲಿಯ ವಿಷಯ ಎತ್ತಲೇ ಇಲ್ಲ.

"ಇಷ್ಟು ವರ್ಷ ಅಕ್ಕತಂಗೀರ ಥರ ಇದ್ವಿ. ಒಂದ್ ಮಾತು ಹೇಳ್ಬಾರ್ದಿತ್ತಾ?"

"ಏನ್ ಹೇಳಬೇಕಿತ್ತು?"

"ನೀವು... ತಿನ್ನೋರು ಅಂತ. ವರಮಹಾಲಕ್ಷ್ಮಿಗೆ ನಿಮ್ಮ ಕೈಲೇ ನೈವೇದ್ಯ ಮಾಡಿಸಿದೀನಿ ಕಣ್ರೀ ನಾನು. ಹನ್ನೊಂದು ವರ್ಷ."

ಗಂಗಮ್ಮ ಟೇಪನ್ನು ಹಿಡಿದುಕೊಂಡೇ ಎದ್ದು ನಿಂತಳು. ಹೆರಿಗೆಯಾದ ಪದ್ಮಳ ಕಾಲು ಒತ್ತಿದ ಕೈಗಳು ಇವೇ, ಆಗ ವಾಸನೆ ಬಂದಿತ್ತೇ ಎಂದು ಕೇಳಬಹುದಿತ್ತು. ಕೇಳಲಿಲ್ಲ.

"ದೇವರು ಏನಾರ ಅಂದಾಳೇನ್ರಿ ಪದ್ಮಾ? ಹನ್ನೊಂದು ವರ್ಷದಾಗ ಒಮ್ಮೆರ?"

ಪದ್ಮ ಬಂದ ಹಾಗೇ ಹಿಂದಿರುಗಿದಳು. ಗಂಗಮ್ಮ ಆ ಒಂದು ಅಳತೆಯನ್ನು ಮೊದಲಿನಿಂದ ಮತ್ತೊಮ್ಮೆ ತೆಗೆದಳು.

ಫೆಬ್ರವರಿಯಲ್ಲಿ ಟೌನ್‌ಶಿಪ್ಪಿನ, ಎಂದರೆ ಅಲ್ಲಿಯ ಸ್ಥಳೀಯ ಆಡಳಿತದ, ಸಭೆ. ಬೇಲಿಗೆ ಅನುಮತಿ ಕೊಡಬೇಕೆಂದು ಸಂಘ ಅರ್ಜಿ ಹಾಕಿತ್ತು. ಕಟ್ಟಿದ ಮೇಲೆ ಹಾಕಿದ ಅರ್ಜಿ. ರಘೋತ್ತಮ ಸೂಟು ತೊಟ್ಟು ಬಂದಿದ್ದ, ಸ್ಲೈಡುಗಳನ್ನು ತಂದಿದ್ದ. ಬಿಯರ್ ಕ್ಯಾನುಗಳು, ಹರಿದ ಪ್ಲಾಸ್ಟಿಕ್ ಚೀಲ, ಕೊನೆಗೆ ವೆಂಡೆಲ್‌ನ ಬೆನ್ನಿನ ಫೋಟೋ. ಇವರು ಹೊರಗಿನವರು, ನಮ್ಮ ರಸ್ತೆಯಲ್ಲಿರುವುದು ಡಾಕ್ಟರು ಎಂಜಿನಿಯರುಗಳ ಶಾಂತ ಕುಟುಂಬಗಳು, ಹೆಚ್ಚಿನವರು ಸಸ್ಯಾಹಾರಿಗಳು, ಮನೆಯ ಹಿಂದೆ ಮೀನು ಕೊಲ್ಲುವುದನ್ನು ನಮ್ಮ ಮಕ್ಕಳು ನೋಡಬೇಕೇ ಎಂದು ಕೇಳಿದ. ಹಿಂದಿನ ಕುರ್ಚಿಗಳಲ್ಲಿ ಕನ್ನಡದವರೇ ಹತ್ತು ಹನ್ನೆರಡು ಜನ ಕೂತಿದ್ದರು. ಗಂಗಮ್ಮನ ಪಕ್ಕ ಮಲ್ಲಪ್ಪ ತಲೆ ತಗ್ಗಿಸಿ ಕೂತಿದ್ದ. ವೆಂಡೆಲ್ ಬಂದಿರಲಿಲ್ಲ.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಗಂಗಮ್ಮ ಮೈಕಿನ ಮುಂದೆ ಹೋಗಿ ತನ್ನ ಹೆಸರು ಹೇಳಿದಳು, ಅಳೆಯುವುದು ತನ್ನ ಉದ್ಯೋಗ ಎಂದಳು. ನಕ್ಷೆಯ ಪ್ರತಿಯನ್ನು ಮುಂದಿಟ್ಟಳು. ಬೇಲಿಯ ಒಂದೊಂದು ಕಂಬವೂ ಸಾರ್ವಜನಿಕ ಪಟ್ಟಿಯೊಳಗೆ ಎಷ್ಟಡಿ ಎಷ್ಟಂಗುಲ ನುಗ್ಗಿದೆ ಎಂದು ಓದಿದಳು. ಹಿಡಿದ ಮೀನನ್ನು ಅಲ್ಲಿ ಯಾರೂ ಕೊಲ್ಲುವುದಿಲ್ಲ, ನೀರಿಗೆ ಬಿಡುತ್ತೇವೆ ಎಂದಳು. ಅಲ್ಲಿಗೆ ಎರಡು ನಿಮಿಷ ಆಗಿತ್ತು. ಬರೆದುಕೊಂಡು ಬಂದದ್ದು ಅಷ್ಟೇ. ಆದರೆ ಪರದೆಯ ಮೇಲೆ ವೆಂಡೆಲ್‌ನ ಬೆನ್ನಿನ ಫೋಟೋ ಇನ್ನೂ ಹಾಗೇ ಇತ್ತು. ಅದರ ಅಂಚಿನಲ್ಲಿ ಒಂದು ಕಪ್ಪು ಜಾಕೆಟ್ಟಿನ ಮೊಣಕೈ ಕಾಣುತ್ತಿತ್ತು.

ಆ ಮೊಣಕೈ ನನ್ನದು ಎಂದಳು. ಹೊರಗಿನವರು ಎಂದು ಇವರು ಹೇಳಿದವರಲ್ಲಿ ನಾನೂ ಒಬ್ಬಳು. ಆ ಫೋಟೋದಲ್ಲಿರುವವರು ಈ ಊರಿನ ಕಾರುಗಳನ್ನು ಮೂವತ್ತನಾಲ್ಕು ವರ್ಷ ಕಟ್ಟಿದವರು. ಅವರು ಬೆನ್ನು ತಿರುಗಿಸಿರುವುದು ಅವಮಾನದಿಂದಲ್ಲ, ಮೀನಿನ ಕಡೆ ಗಮನ ಇದ್ದದ್ದರಿಂದ. ನನ್ನಪ್ಪ ಮೀನು ಹಿಡಿಯುತ್ತಿದ್ದ, ನನ್ನವ್ವ ಮೀನು ಮಾರುತ್ತಿದ್ದಳು, ಆ ಮೀನಿನಿಂದ ನಾನು ಓದಿದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ ಹಿಂದಿನ ಕುರ್ಚಿಗಳ ಕಡೆ ತಿರುಗಿದಳು.

"ಇಷ್ಟ ದಿವ್ಸ ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ನಾವು ಅಂಬಿಗರು. ಈಗ ಹೇಳೀನಿ."

ಸಮಯ ಮುಗಿಯಿತು ಎಂದು ಸಭೆಯ ಅಧ್ಯಕ್ಷೆ ನೆನಪಿಸಿದಳು. ಟೌನ್‌ಶಿಪ್ಪಿನ ವಕೀಲ ನಕ್ಷೆ ನೋಡಿ, ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ ಎಂದ. ಮೂವತ್ತು ದಿನದೊಳಗೆ ಬೇಲಿ ತೆಗೆಯಬೇಕೆಂದು ತೀರ್ಮಾನವಾಯಿತು. ರಘೋತ್ತಮ ಲ್ಯಾಪ್‌ಟಾಪ್ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದ.

ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ಕಾರು ಓಡಿಸುತ್ತಿದ್ದದ್ದು ಮಲ್ಲಪ್ಪ. ಎಂಟು ಮೈಲು ಆದ ಮೇಲೆ ರಸ್ತೆ ನೋಡುತ್ತಲೇ ಹೇಳಿದ: "ಗಂಗಾ, ನನ್ನ ಹೆಸರೂ ಹೇಳಬೇಕಿತ್ತು ನೀ."

"ನಿಮಗೂ ಬಾಯಿ ಇತ್ತಲ್ರಿ. ಮೂರು ನಿಮಿಷ ನಿಮಗೂ ಇತ್ತು."

ಅವನು ಹೌದು ಎಂದ. ಅಷ್ಟೇ ಎಂದ. ಮನೆ ಬರುವವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಗಂಡನ ಮೇಲೆ ಅಷ್ಟು ಕಠಿಣವಾದೆನಲ್ಲ ಎನ್ನಿಸಿದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಯುಗಾದಿಗೆ ಕೂಟದವರು ಒಂದು ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದಿದ್ದರು. ಹೋಗುವುದು ಬೇಡ ಎಂದು ಮಲ್ಲಪ್ಪನೂ ಅನ್ನಲಿಲ್ಲ. ಗಂಗಮ್ಮ ಎಂದಿನಂತೆ ಅರವತ್ತು ಶೇಂಗಾ ಹೋಳಿಗೆ ಮಾಡಿ ತಂದಳು. ಯಾರೂ ಕೆಟ್ಟ ಮಾತಾಡಲಿಲ್ಲ. ಎಲ್ಲರೂ ನಕ್ಕರು, ಚೆನ್ನಾಗಿದ್ದೀರಾ ಎಂದರು, ಒಂದಿಬ್ಬರು ಅವತ್ತು ಒಳ್ಳೇ ಸ್ಪೀಚ್ ಕೊಟ್ರಂತೆ ಎಂದರು. ಊಟದ ಸಾಲು ಮುಂದೆ ಸಾಗಿತು. ಹೋಳಿಗೆಯ ತಟ್ಟೆಯ ಹತ್ತಿರ ಬಂದಾಗ ಚಮಚಗಳು ಪಕ್ಕದ ಪಾಯಸಕ್ಕೆ ಹೋಗುತ್ತಿದ್ದವು. ಸಕ್ಕರೆ ಜಾಸ್ತಿಯಾಯಿತು, ಡಯಟ್ಟು ಎಂದರು. ಸಾಲು ಮುಗಿದಾಗ ಐವತ್ತೊಂದು ಉಳಿದಿದ್ದವು.

ಕೊನೆಗೆ ಒಬ್ಬ ಹುಡುಗಿ ಬಂದು ಎರಡು ತೆಗೆದುಕೊಂಡಳು. ವಾಣಿಶ್ರೀ ಎಂದು ಹೆಸರು, ರಾಯಚೂರು ಕಡೆಯವಳು, ಬಂದು ಒಂದು ವರ್ಷವಾಗಿತ್ತು. ಅತ್ತಿತ್ತ ನೋಡಿ, ಗಂಗಮ್ಮನ ಕಿವಿಯ ಹತ್ತಿರ ಬಾಗಿ, "ಅಕ್ಕಾ, ನಾವೂ ನಿಮ್ಮಂಗ ಅಂಬಿಗರು" ಎಂದು ಪಿಸುಗುಟ್ಟಿದಳು.

ಗಂಗಮ್ಮನಿಗೆ ತಬ್ಬಿಕೊಳ್ಳಬೇಕು ಎನ್ನಿಸಬೇಕಿತ್ತು. ಎನ್ನಿಸಿದ್ದು ಬೇರೆ. "ಇಷ್ಟು ಸಣ್ಣ ದನೀಲೆ ಯಾಕ ಹೇಳ್ತಿ? ಕಳವು ಮಾಡಿಯೇನು?"

ಹುಡುಗಿಯ ಕಣ್ಣು ತುಂಬಿತು. ತಟ್ಟೆ ಹಿಡಿದುಕೊಂಡು ದೂರದ ಮೇಜಿಗೆ ಹೋಗಿ ಕೂತಳು. ಬೈಯಬೇಕಾದವರು ಐವತ್ತು ಜನ ಆ ಹಾಲಿನಲ್ಲಿದ್ದರು, ಬೈಗುಳ ಸಿಕ್ಕಿದ್ದು ಹೋಳಿಗೆ ತಿಂದ ಒಬ್ಬಳಿಗೆ. ಗಂಗಮ್ಮ ಆ ಮೇಜಿಗೆ ಹೋಗಿ ಅವಳ ಎದುರು ಕೂತಳು. ತಪ್ಪಾಯಿತು ಎಂದು ಹೇಳಿದಳು. ಇಬ್ಬರೂ ಸೇರಿ ಇನ್ನೂ ಎರಡೆರಡು ಹೋಳಿಗೆ ತಿಂದರು. ಆ ಹುಡುಗಿ ಈಗ ಭಾನುವಾರಗಳಲ್ಲಿ ಅವರ ಮನೆಗೆ ಊಟಕ್ಕೆ ಬರುತ್ತಾಳೆ, ಮೀನಿನ ಸಾರಿಗೆ ಹುಣಸೆ ಹಣ್ಣು ಸಾಲದು ಎಂದು ತಕರಾರು ಮಾಡುತ್ತಾಳೆ.

ಬೇಲಿ ಗಡುವು ದಾಟಿ ಏಪ್ರಿಲ್‌ನಲ್ಲಿ ಹೋಯಿತು. ಮೇ ತಿಂಗಳಲ್ಲಿ ಆ ರಸ್ತೆಯ ಎರಡೂ ಬದಿಗೆ, ಈ ತುದಿಯಿಂದ ಆ ತುದಿಯವರೆಗೆ, ಪಾರ್ಕಿಂಗ್ ನಿಷೇಧದ ಫಲಕಗಳು ಬಂದವು. ಸುರಕ್ಷತೆಗಾಗಿ ಎಂದರು ಟೌನ್‌ಶಿಪ್ಪಿನವರು. ನಿವಾಸಿಗಳು ಸಹಿ ಹಾಕಿ ಕೊಟ್ಟ ಮನವಿಯಂತೆ. ಗಂಗಮ್ಮ ಆ ಮನವಿಯನ್ನು ತರಿಸಿ ನೋಡಿದಳು. ಮೂವತ್ತೆಂಟು ಸಹಿಗಳು. ಮೊದಲನೆಯದು ರಘೋತ್ತಮನದು, ಎರಡನೆಯದು ಪದ್ಮಳದು, ಅದೇ ದುಂಡನೆಯ ಅಕ್ಷರ. ದಂಡೆ ಎಲ್ಲರದೂ, ಆದರೆ ಅಲ್ಲಿಗೆ ಹೋಗಲು ಹತ್ತಿರದ ಪಾರ್ಕಿಂಗ್ ಮುಕ್ಕಾಲು ಮೈಲು ದೂರದ ಅಂಗಡಿ ಸಾಲಿನಲ್ಲಿ. ಮೊಣಕಾಲು ಸವೆದ ಮನುಷ್ಯ ಹಿಮದಲ್ಲಿ ಅಷ್ಟು ದೂರ ನಡೆಯಲಾರ. ಇದನ್ನು ಯೋಚಿಸಿಯೇ ಮಾಡಿದ್ದಾರೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಕಾಯಿದೆಯ ಮಾತನ್ನು ಕಾಯಿದೆಯಿಂದಲೇ ಮುರಿಯಲು ಅವರಿಗೂ ಬರುತ್ತದೆ.

ಅವಳು ಅಂಗವಿಕಲರಿಗಾಗಿ ಒಂದು ಪಾರ್ಕಿಂಗ್ ಜಾಗವಾದರೂ ಬೇಕೆಂದು ಅರ್ಜಿ ಬರೆದಳು. ಈ ಸಲ ಕೆಳಗೆ ಮಲ್ಲಪ್ಪನ ಸಹಿಯೂ ಇತ್ತು; ಅವನೇ ಪೆನ್ನು ಕೇಳಿ ತೆಗೆದುಕೊಂಡ. ಬಂಗಾಳಿ ಅಣ್ಣತಮ್ಮಂದಿರು ಸಹಿ ಹಾಕಿದರು, ವಾಣಿಶ್ರೀ ಹಾಕಿದಳು. ಅರ್ಜಿ ಎರಡು ಸಲ ಮುಂದಕ್ಕೆ ಹೋಯಿತು, ಇನ್ನೂ ತೀರ್ಮಾನವಾಗಿಲ್ಲ.

ಡಿಸೆಂಬರ್ ಬಂತು. ಗಂಗಮ್ಮ ಡೆಟ್ರಾಯಿಟ್‌ಗೆ ಹೋಗಿ ವೆಂಡೆಲ್‌ನ ಮನೆಯ ಮುಂದೆ ಹಾರ್ನ್ ಮಾಡಿದಳು. ಅವನು ಬಾಗಿಲಲ್ಲೇ ನಿಂತು, ಆ ರಸ್ತೆಯಲ್ಲಿ ಕಾರು ನಿಲ್ಲಿಸುವ ಹಾಗಿಲ್ಲವಲ್ಲ ಎಂದ. ನಿಲ್ಲಿಸುವುದಿಲ್ಲ, ನಿನ್ನನ್ನು ಇಳಿಸುತ್ತೇನೆ, ಇಳಿಸುವುದಕ್ಕೆ ನಿಷೇಧವಿಲ್ಲ ಎಂದಳು. ಅವನು ಒಳಗೆ ಹೋಗಿ ಕೋಟು ತಂದ.

ಹುಲ್ಲಿನ ಪಟ್ಟಿಯ ಮುಂದೆ ಅವನನ್ನೂ ಎರಡು ಕೋಲುಗಳನ್ನೂ ಮಡಚುವ ಕುರ್ಚಿಯನ್ನೂ ಇಳಿಸಿ, ಅವಳು ಕಾರನ್ನು ಅಂಗಡಿ ಸಾಲಿನಲ್ಲಿ ನಿಲ್ಲಿಸಿ ಬಂದಳು. ಫುಟ್‌ಪಾತ್ ಇಲ್ಲದ ರಸ್ತೆ. ಹಿಮ ಗೋರುವ ಗಾಡಿ ಬದಿಗೆ ತಳ್ಳಿದ ರಾಶಿಯಲ್ಲಿ ಮೊಣಕಾಲವರೆಗೆ ಕಾಲು ಹೂತುಹೋಗುತ್ತಿತ್ತು. ರಘೋತ್ತಮನ ಮನೆಯ ಕಿಟಕಿಯ ಗಾಜಿನ ಹಿಂದೆ ಯಾರೋ ನಿಂತಿದ್ದರು, ಗಂಡನೋ ಹೆಂಡತಿಯೋ ತಿಳಿಯಲಿಲ್ಲ. ಗಂಗಮ್ಮ ನಡಿಗೆ ನಿಧಾನ ಮಾಡಿ, ಆ ಕಿಟಕಿಯನ್ನು ನೇರವಾಗಿ ನೋಡುತ್ತಲೇ ದಾಟಿದಳು. ಪರದೆ ಮುಚ್ಚಿಕೊಂಡಿತು.

ದಂಡೆಗೆ ಬರುವಷ್ಟರಲ್ಲಿ ಮೈ ಬೆವರಿತ್ತು, ಬಾಯಿ ಬೈಯುತ್ತಿತ್ತು, ಭೀಮಾ ದಂಡೆಯ ಅಚ್ಚ ಬೈಗುಳಗಳು. ವೆಂಡೆಲ್ ಕುರ್ಚಿಯಲ್ಲಿ ಕೂತು ಆಗಲೇ ಗಾಳ ಹಾಕಿದ್ದ. ಅರ್ಥವಾಗದಿದ್ದರೂ ತಲೆಯಾಡಿಸಿದ. ಆ ದಿನ ಅವಳಿಗೆ ಮೂರು ಮೀನು ಕಚ್ಚಿ ಮೂರೂ ತಪ್ಪಿಹೋದವು. ದಾರದ ಮೇಲಿನ ಬೆರಳು ಬಿಗಿಯಾಗಿದ್ದರೆ ತಳದ ಸುದ್ದಿ ಬರುವುದಿಲ್ಲ ಎಂದ ವೆಂಡೆಲ್. ನನಗೆ ಗೊತ್ತು ಎಂದಳು ಅವಳು, ಬೆರಳನ್ನು ಸಡಿಲ ಮಾಡಲಿಲ್ಲ. ಅವನಿಗೆ ಒಂದು ಸಿಕ್ಕಿತು, ಒಳ್ಳೆಯ ಬಾಸ್, ಹಸಿರು ಕಂದು ಬೆನ್ನು, ಬಿಳಿ ಹೊಟ್ಟೆ. ಅವನಿಗೆ ಬಗ್ಗಲು ಆಗುವುದಿಲ್ಲ. ಗಂಗಮ್ಮ ಕೈಗವಸು ತೆಗೆದು, ನೀರಿನ ಅಂಚಿಗೆ ಇಳಿದು, ಮೀನಿನ ಬಾಯಿಂದ ಗಾಳ ಬಿಡಿಸಿದಳು. ತಣ್ಣೀರಿನಲ್ಲಿ ಅದರ ಬಾಲ ಹಿಡಿದು, ಅದು ಉಸಿರು ಕೂಡಿಸಿಕೊಂಡು ತಾನಾಗಿ ಎಳೆದುಕೊಳ್ಳುವವರೆಗೂ ಕಾದಳು.

ಹನ್ನೊಂದು ಗಂಟೆಗೆ ವೆಂಡೆಲ್‌ನ ಮೊಣಕಾಲು ನೋಯತೊಡಗಿತು. ಅವನನ್ನು ಕುರ್ಚಿಯಲ್ಲೇ ಬಿಟ್ಟು, ಗಂಗಮ್ಮ ಟೋಪಿ ಎಳೆದುಕೊಂಡು, ಕಾರು ತರಲು ಮತ್ತೆ ಮುಕ್ಕಾಲು ಮೈಲು ನಡೆದಳು.